ಮೂರನೆಯ ಸಂಪುಟ

ಸ್ಕಾರ್‌ಬೆಕ್ ಬಂದರಿನ ಹಿಂದುಗಡೆ ಓಣಿಯಲ್ಲಿ
ಅವಳ ಮನೆಯಿದ್ದಲ್ಲಿ ಈಗ ಹಲ್ಲಿನ ಡಾಕ್ಟರು.
ಬಾಗಿಲ ಪಕ್ಕ ಒಂದು ನೀಲಿ ಫಲಕ:
ಹೆಸ್ಟರ್ ಪಿಕರ್ಸ್‌ಗಿಲ್, ಕಾದಂಬರಿಕಾರ್ತಿ.
ಕೆಳಗೆ ಎರಡು ಇಸವಿ, ನಡುವೆ ಒಂದು ಗೆರೆ.
ದವಡೆ ಹಿಡಿದುಕೊಂಡು ಸರದಿಗೆ ಕಾಯುವವರು
ಆ ಗೆರೆಯನ್ನು ಓದಿ ಒಳಗೆ ಹೋಗುತ್ತಾರೆ.

ಏಳು ಕಾದಂಬರಿ, ಒಂದೊಂದಕ್ಕೂ ಮೂರು ಸಂಪುಟ.
ನಿಜ ಹೇಳುತ್ತೇನೆ, ಆರನ್ನು ನನ್ನಿಂದ ಮುಗಿಸಲಾಗಲಿಲ್ಲ.
ಕಳೆದುಹೋದ ಉಯಿಲು, ಹಡಗಿಳಿದು ಬಂದ ವಾರಸುದಾರ,
ಪುಟಕ್ಕೆರಡು ಸಲ ಮೂರ್ಛೆ ಹೋಗುವ ಜಮೀನ್ದಾರನ ಮಗಳು.
ಅವಳಿಗೂ ಬೇಸರ ಬಂದಿರಬೇಕು. ಆದರೆ ಕಲ್ಲಿದ್ದಲ ಬಾಕಿ,
ಗಂಡ ಜೊಸಾಯನ ಕೈಸಾಲ, ಐದು ಮಕ್ಕಳ ಹತ್ತು ಬೂಟು.
ಬರೆದವಳು ಅವಳು; ಬಂದ ಪೌಂಡು
ಆಗಿನ ಕಾನೂನಿನಲ್ಲಿ ಅವನದು. ರಸೀದಿಗೆ ಅವನ ರುಜು.
ಚಂದದ ರುಜು, ನಾನು ನೋಡಿದ್ದೇನೆ,
ಬಾಲದಲ್ಲಿ ಎರಡು ಸುರುಳಿ.

ನಾಲ್ಕನೆಯ ಕಾದಂಬರಿಗೆ ಲಂಡನ್ನಿನಿಂದ ಕಾಗದ ಬಂತು:
ಮೂರನೆಯ ಸಂಪುಟಕ್ಕೆ ಅರವತ್ತು ಪುಟ ಸಾಲದು.
ಗುರುವಾರದೊಳಗೆ ತುಂಬಿಸಿ ಕಳಿಸಿ,
ಏನನ್ನಾದರೂ.

ಅಂದು ಸೋಮವಾರ, ಬಟ್ಟೆ ಒಗೆಯುವ ದಿನ.
ಹಿತ್ತಲ ಹಂಡೆಯಲ್ಲಿ ನೀರು ಕೊತಕೊತ.
ಕೆಲಸದ ಹುಡುಗಿಗೆ ಜ್ವರ.
ಏನನ್ನಾದರೂ ಎಂದರಲ್ಲ,
ಸೆರಗಿಲ್ಲದ ದೇಶ; ಮುಂಬಟ್ಟೆಗೆ ಕೈ ಒರೆಸಿಕೊಂಡು
ಅವಳು ಎದುರಿಗಿದ್ದುದನ್ನೇ ಬರೆದಳು.

ಎರಡು ಸಂಪುಟ ಬಾಯಿಬಿಡದ ಕೆಲಸದವಳು, ಡಾರ್ಕಸ್,
ಸತ್ತ ಯಜಮಾನನ ಹಾಸಿಗೆ ಬಟ್ಟೆ ಒಗೆಯುತ್ತಾಳೆ.
ಅಷ್ಟೇ. ಅರವತ್ತು ಪುಟ.
ಸೋಡಾ ಕಚ್ಚಿದ ಬೆರಳ ಸಂದಿ,
ಹಿಂಡಿದಷ್ಟೂ ನೀರು ಬಿಡುವ ಒರಟು ದುಪ್ಪಟಿ,
ಯಾವ ಕಲೆ ಔಷಧದ್ದು, ಯಾವುದು ಭಯದ್ದು,
ಈ ಮನುಷ್ಯನನ್ನು ಕೈಹಿಡಿದವಳಿಗಿಂತ ತಾನು ಹೆಚ್ಚು ಬಲ್ಲೆ
ಎಂದು ಒಂದು ಗಳಿಗೆ ಹೊಳೆಯುವುದು,
ಹೊಳೆದದ್ದನ್ನು ಕೊಳೆನೀರಿನ ಜೊತೆ
ಮೋರಿಗೆ ಸುರಿಯುವುದು.

ವಿಮರ್ಶಕನೊಬ್ಬ ಬರೆದ: ಮೂರನೆಯ ಸಂಪುಟ ಗಂಜಿ ನಾರುತ್ತದೆ.
ಆ ತುಣುಕನ್ನು ಕತ್ತರಿಸಿ ಮನೆಖರ್ಚಿನ ಪುಸ್ತಕದಲ್ಲಿಟ್ಟಿದ್ದಳು.
ಅಂಚಿನಲ್ಲಿ ಪೆನ್ಸಿಲಿನಿಂದ ಒಂದೇ ಮಾತು:
ಸದ್ಯ.

ಗೋರಿಕಲ್ಲಿನ ಮೇಲೆ ‘ಜೊಸಾಯನ ಪ್ರಿಯ ಪತ್ನಿ’ ಎಂದಿದೆ.
ಪುಸ್ತಕದ ಮಾತಿಲ್ಲ. ಕಲ್ಲಿಗೆ ಅಕ್ಷರಕ್ಕಿಷ್ಟು ಎಂದು ಕೂಲಿ.

ಗುಡ್ಡದ ಮೇಲಿನ ಆಸ್ಪತ್ರೆಯ ಲಾಂಡ್ರಿಯಲ್ಲಿ ನನಗೆ ರಾತ್ರಿ ಪಾಳಿ.
ದೊಡ್ಡ ಡ್ರಮ್ಮು ತಿರುಗುವ ನಲವತ್ತು ನಿಮಿಷ
ಚಹಾ ಹಿಡಿದು ಕೂತವರಿಗೆ ನಾನು ಓದುತ್ತೇನೆ.
ಹಬೆ ಕುಡಿದು ಪುಟಗಳು ಉಬ್ಬಿವೆ.
ಮೊನ್ನೆ ಈನಿಡ್ ಓಲ್ಡ್‌ರಾಯ್ಡ್ ಕೈ ಎತ್ತಿ ತಡೆದಳು:
‘ನಿಲ್ಸು. ನೀಲಿ ಹಾಕೋದು ಕೊನೇ ನೀರಿಗೆ.
ಇವಳು ಮೊದಲೇ ಹಾಕಿಬಿಟ್ಟಳು. ಕೆಟ್ಟಿತು, ಎಲ್ಲಾ ಕೆಟ್ಟಿತು.’
ಇಪ್ಪತ್ತೊಂಬತ್ತು ವರ್ಷ ಬಟ್ಟೆಯಲ್ಲೇ ಸವೆದ ಕೈ ಅದು.
ನಾವು ಯಾರೂ ಎದುರಾಡಲಿಲ್ಲ.
ಪುಟ ತಿರುಗಿಸಿದೆ.
ಡಾರ್ಕಸ್ ಬಕೆಟ್ಟಿನೊಳಗೆ ನೋಡುತ್ತ ನಿಂತಿದ್ದಾಳೆ,
ಅಯ್ಯೋ ಎನ್ನುತ್ತಾಳೆ, ಎಲ್ಲ ಚೆಲ್ಲಿ
ಮತ್ತೆ ಬಾವಿಗೆ ನಡೆಯುತ್ತಾಳೆ.

‘ಹಾಂ,’ ಎಂದಳು ಈನಿಡ್. ಬಹಳ ಹೊತ್ತು ಬಿಟ್ಟು,
‘ಹೆಸರೇನಂದೆ ಅವಳದು? ಬರೆದವಳದು.’

ವಾಚನಾಲಯದಲ್ಲಿ ಶನಿವಾರ ಒಬ್ಬ ಪ್ರೊಫೆಸರರ ಉಪನ್ಯಾಸ,
ಹೆಸ್ಟರಳ ಇಂದಿನ ಪ್ರಸ್ತುತತೆ ಕುರಿತು.
ಇಸ್ತ್ರಿ ಮಾಡಿ ಮಡಿಸಿಟ್ಟ ಪದ ಅದು, ಪ್ರಸ್ತುತತೆ.
ಹೋಗಬೇಕೆಂದಿದ್ದೇನೆ, ನಿದ್ದೆ ಬಿಟ್ಟರೆ.

ಡ್ರಮ್ಮು ನಿಂತಿತು. ಬಾಗಿಲು ತೆರೆದೆವು.
ಒಂದು ದುಪ್ಪಟಿಯ ನಡುವೆ ಹೋಗದೆ ಉಳಿದ ಕಲೆ.
ಟ್ಯೂಬ್‌ಲೈಟಿಗೆ ಹಿಡಿದು ಈನಿಡ್ ನೋಡಿದಳು,
ನಾಲ್ಕನೆಯ ವಾರ್ಡಿನದು ಎಂದಳು ಮೆಲ್ಲಗೆ,
ಇನ್ನೊಂದು ನೀರಿಗೆ ಹಾಕಿದಳು.